ಕೊನೆಯ ಟೇಬಲ್‌ನಲ್ಲಿ ಚಿಪ್ಸ್‌ನ ಬೆಲೆ: ಗೋವಾ ಪೋಕರ್ ಡೈರಿ

ನಮಸ್ಕಾರ. ಈಗ ಕಾಣ್ತಿರೋದು ಪಣಜಿಯ ಮಾಂಡವಿ ನದಿ, ಅದರಲ್ಲಿ ಲಂಗರು ಹಾಕಿರೋ ಕ್ಯಾಸಿನೊ ಹಡಗುಗಳು. ವಾರಾಂತ್ಯ ಬಂದ್ರೆ ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದು, ಹುಬ್ಬಳ್ಳಿಯಿಂದ ಅನ್ಮೋಡ್ ದಾಟಿ ನಮ್ಮವರು ಬರ್ತಾನೇ ಇರ್ತಾರೆ. 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾನೂನು ಹಣ ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನ ನಿಲ್ಲಿಸಿದ ಮೇಲೆ, ಎದುರುಬದುರು ಕೂತು ಆಡೋ ಪೋಕರ್ ಟೂರ್ನಮೆಂಟ್ ಕಡೆ ಇನ್ನೂ ಹೆಚ್ಚು ಜನ ತಿರುಗಿದ್ದಾರೆ. ಹಾಗಾಗಿ ಇವತ್ತು ಒಂದೇ ವಿಷಯ: ಬಹುಮಾನ ಹತ್ತಿರ ಬಂದಾಗ ನಿಮ್ಮ ಚಿಪ್ಸ್ ಎಲ್ಲಾ ಮುಂದಕ್ಕೆ ತಳ್ಳಬೇಕಾ, ಬೇಡ್ವಾ.

ಮೊದಲು ನಿಮ್ಮ ಹತ್ರ ಎಷ್ಟು ಸಮಯ ಇದೆ ಅಂತ ನೋಡಿಕೊಳ್ಳಿ. ಸಮಯ ಅಂದ್ರೆ ಗಡಿಯಾರದ್ದಲ್ಲ, ಬ್ಲೈಂಡ್‌ನದ್ದು. ಬ್ಲೈಂಡ್ ಅಂದ್ರೆ ಕಾರ್ಡ್ ನೋಡೋಕೆ ಮುಂಚೆ ಸರದಿಯಂತೆ ಇಬ್ಬರು ಕಡ್ಡಾಯವಾಗಿ ಹಾಕೋ ಚಿಪ್ಸ್, ಆಂಟಿ ಅದರ ಜೊತೆಗೆ ಹಾಕೋ ಇನ್ನೊಂದಿಷ್ಟು. ಇಲ್ಲಿ ಎಲ್ಲಾ ಲೆಕ್ಕಕ್ಕೂ ಅಳತೆ ಒಂದು ಬಿಗ್ ಬ್ಲೈಂಡ್. ಒಂಬತ್ತು ಜನರ ಟೇಬಲ್‌ನಲ್ಲಿ ಒಂದು ಸುತ್ತು ಮುಗಿಯೋಷ್ಟರಲ್ಲಿ ಸ್ಮಾಲ್ ಬ್ಲೈಂಡ್ ಅರ್ಧ, ಬಿಗ್ ಬ್ಲೈಂಡ್ ಒಂದು, ಬಿಗ್ ಬ್ಲೈಂಡ್ ಆಂಟಿ ಇನ್ನೊಂದು, ಒಟ್ಟು ಎರಡೂವರೆ ಬ್ಲೈಂಡ್ ಸುಮ್ಮನೆ ಹೋಗುತ್ತೆ. ಕೈಯಲ್ಲಿ 10 ಬ್ಲೈಂಡ್ ಇದ್ರೆ ನಾಲ್ಕು ಸುತ್ತು. ಡೀಲರ್ ಕೂತು ಹಂಚೋ ಟೇಬಲ್‌ನಲ್ಲಿ ಗಂಟೆಗೆ ಹೆಚ್ಚುಕಮ್ಮಿ 25 ಕೈ (ಒಂದು ಸಲ ಕಾರ್ಡ್ ಹಂಚಿ ಆಡೋದು ಒಂದು ಕೈ) ಆಗುತ್ತೆ. ಲೆವೆಲ್ 20 ನಿಮಿಷದ್ದಾದ್ರೆ ಸುತ್ತಿಗೊಮ್ಮೆ ಬ್ಲೈಂಡ್ ಏರುತ್ತೆ, ಆ ನಾಲ್ಕು ಸುತ್ತೂ ಸಿಗಲ್ಲ. "ಒಳ್ಳೆ ಕಾರ್ಡ್ ಬರ್ಲಿ" ಅಂತ ಕಾಯೋರು ಕರಗೋದು ಹೀಗೇ.

ಹಾಗಾದ್ರೆ ಸಿಕ್ಕಿದ್ದಕ್ಕೆಲ್ಲ ಹಾಕಿಬಿಡೋದಾ? ಇಲ್ಲೇ ನಿಧಾನ ಮಾಡ್ಬೇಕು.

ಒಂದು ಲೆಕ್ಕ ಪೂರ್ತಿ ಮಾಡೋಣ. ನಾಲ್ಕು ಜನ ಉಳಿದಿದ್ದಾರೆ, ದುಡ್ಡು ಮೂವರಿಗೆ ಮಾತ್ರ. ಮೊದಲ ಬಹುಮಾನ 5 ಲಕ್ಷ, ಎರಡನೇದು 3, ಮೂರನೇದು 2. ನಾಲ್ವರ ಹತ್ರಾನೂ 10 ಬ್ಲೈಂಡ್. ಆಂಟಿ ಸದ್ಯಕ್ಕೆ ಬಿಡಿ. ಇಬ್ಬರು ಫೋಲ್ಡ್ ಮಾಡಿದ್ರು (ಕಾರ್ಡ್ ಬಿಟ್ಟುಕೊಟ್ರು), ಸ್ಮಾಲ್ ಬ್ಲೈಂಡ್‌ನವನು ಆಲ್-ಇನ್ (ಇದ್ದದ್ದೆಲ್ಲ ಮುಂದಕ್ಕೆ). ನೀವು ಬಿಗ್ ಬ್ಲೈಂಡ್.

ಒಂದು ಬ್ಲೈಂಡ್ ಈಗಾಗಲೇ ಹಾಕಿದ್ದೀರಿ. ಬರೀ ಚಿಪ್ಸ್ ಲೆಕ್ಕದಲ್ಲಿ ನೋಡಿದ್ರೆ ಇನ್ನು 9 ಹಾಕಿ ಕಾಲ್ ಮಾಡಿ (ಅಂದ್ರೆ ಅವನಷ್ಟೇ ಹಾಕಿ) 20 ಗೆಲ್ತೀರಿ, 45% ಗೆಲುವಿನ ಸಾಧ್ಯತೆ ಸಾಕು. ಎದುರಿನವನು ಕಾರ್ಡ್ ನೋಡದೇ ತಳ್ಳಿದ್ದಾನೆ ಅಂತಾದ್ರೆ ಜ್ಯಾಕ್-ಐದು ಹಿಡ್ಕೊಂಡೂ ಕಾಲ್ ಮಾಡಬಹುದು ಅನ್ನಿಸುತ್ತೆ.

ಈಗ ಅದನ್ನೇ ರೂಪಾಯಿಗೆ ತಿರುಗಿಸಿ. ಫೋಲ್ಡ್ ಮಾಡಿದ್ರೆ ನಿಮ್ಮ ಹತ್ರ 9 ಬ್ಲೈಂಡ್ ಉಳಿಯುತ್ತೆ, ಅದರ ಬೆಲೆ ಸುಮಾರು 2,33,000 (ಈ ಬೆಲೆ ತೆಗೆಯೋದು ಹೇಗೆ ಅಂತ ಮುಂದೆ ಹೇಳ್ತೀನಿ). ಕಾಲ್ ಮಾಡಿ ಸೋತ್ರೆ ಸೊನ್ನೆ. ಗೆದ್ರೆ ಅರ್ಧ ಚಿಪ್ಸ್ ನಿಮ್ಮದೇ, ಆದ್ರೆ ಬೆಲೆ 5 ಲಕ್ಷ ಅಲ್ಲ, ಸುಮಾರು 3,83,000. 2,33,000ನ್ನ 3,83,000ರಿಂದ ಭಾಗಿಸಿ ನೋಡಿ: ಕಾಲ್ ಮಾಡೋಕೆ ಬೇಕಾದ್ದು 45% ಅಲ್ಲ, 61%. ಅವನು ಕಣ್ಣುಮುಚ್ಚಿ ತಳ್ಳಿದ್ರೂ ನಿಮಗೆ ಜೋಡಿ ಆರು ಅಥವಾ ಮೇಲೆ, ಏಸ್-ಹತ್ತು ಅಥವಾ ಮೇಲೆ, ಕಿಂಗ್-ಕ್ವೀನ್, ಇಂಥವು ಬೇಕು. ಜೋಡಿ ಐದು ಗೆಲ್ಲೋದು 60%ರ ಆಸುಪಾಸು, ಅದೂ ಸ್ವಲ್ಪದರಲ್ಲಿ ಸಾಲದು. ಜ್ಯಾಕ್-ಐದಂತೂ ಕಾಲ್‌ನ ಹತ್ತಿರಾನೂ ಇಲ್ಲ. ಆಂಟಿ ಸೇರಿಸಿದ್ರೆ ಈ 61 ಸ್ವಲ್ಪ ಇಳಿಯುತ್ತೆ, ಆದ್ರೆ 45ಕ್ಕೆ ಬರಲ್ಲ.

ಚಿಪ್ಸ್ ಡಬಲ್ ಆದ್ರೂ ದುಡ್ಡು ಯಾಕೆ ಡಬಲ್ ಆಗಲಿಲ್ಲ? ಸೋತವನ ಹತ್ರ ಕೈ ಶುರುವಾದಾಗ 2,50,000 ಬೆಲೆಯ ಚಿಪ್ಸ್ ಇತ್ತು. ಗೆದ್ದವನಿಗೆ ಅದರಲ್ಲಿ ಸೇರಿದ್ದು ಸುಮಾರು 1,33,000 ಮಾತ್ರ. ಉಳಿದದ್ದು, ಕಾರ್ಡ್ ಮುಟ್ಟದೇ ಕೈ ಕಟ್ಟಿ ಕೂತಿದ್ದ ಇನ್ನಿಬ್ಬರಿಗೆ, ತಲಾ 58,000ದಂತೆ. ನನ್ನ ಪ್ರಕಾರ ಟೂರ್ನಮೆಂಟ್‌ನ ಕೊನೆ ಹಂತದಲ್ಲಿ ಅರ್ಥ ಮಾಡಿಕೊಳ್ಳಬೇಕಾದ ಅತಿ ಮುಖ್ಯ ವಿಷಯ ಇದೇ. ಇಬ್ಬರು ಹೊಡೆದಾಡಿದ್ರೆ ಲಾಭ ಪಕ್ಕದವರಿಗೆ.

ಚಿಪ್ಸ್‌ನ ರೂಪಾಯಿಗೆ ತಿರುಗಿಸೋ ಈ ಲೆಕ್ಕಕ್ಕೆ ಐಸಿಎಂ (ಇಂಡಿಪೆಂಡೆಂಟ್ ಚಿಪ್ ಮಾಡೆಲ್) ಅಂತಾರೆ. ಮೂಲದಲ್ಲಿ ಇದು ಕುದುರೆ ರೇಸಿನ ಸೂತ್ರ, 1973ರಲ್ಲಿ ಹಾರ್ವಿಲ್ ಅನ್ನೋರು ಪ್ರಕಟಿಸಿದ್ದು. ಯಾವ ಕುದುರೆ ಎರಡನೇದು, ಯಾವುದು ಮೂರನೇದು ಬರುತ್ತೆ ಅನ್ನೋ ಸಾಧ್ಯತೆ ತೆಗೆಯೋಕೆ. ಪೋಕರ್‌ನಲ್ಲಿ ಮೊದಲ ಸ್ಥಾನದ ಸಾಧ್ಯತೆ ನಿಮ್ಮ ಚಿಪ್ಸ್‌ನ ಪಾಲಿನಷ್ಟೇ. ಒಬ್ಬರನ್ನ ಗೆಲ್ಲಿಸಿ ಬದಿಗಿಟ್ಟು, ಉಳಿದವರಲ್ಲಿ ಮತ್ತೆ ಅದೇ ಲೆಕ್ಕ. ಟೇಬಲ್‌ನಲ್ಲಿ ಕೂತು ಇದನ್ನ ಮಾಡೋಕಾಗಲ್ಲ. ಮನೆಯಲ್ಲಿ ಐಸಿಎಂ ಕ್ಯಾಲ್ಕುಲೇಟರ್‌ಗೆ ಬೇರೆ ಬೇರೆ ಸ್ಟ್ಯಾಕ್ (ಒಬ್ಬೊಬ್ಬರ ಚಿಪ್ಸ್ ರಾಶಿ) ಹಾಕಿ ನೋಡ್ತಾ ಹೋಗಿ, ಅಂದಾಜು ಕೈಗೆ ಹತ್ತುತ್ತೆ.

ಇದೇ ಕೈಯನ್ನ ಸ್ಮಾಲ್ ಬ್ಲೈಂಡ್ ಕಡೆಯಿಂದ ನೋಡಿ. ಬಿಗ್ ಬ್ಲೈಂಡ್‌ನವನು ಸರಿಯಾಗಿ ಆಡೋನಾದ್ರೆ ಹೆಚ್ಚುಕಮ್ಮಿ ಎಂಟೊಂಬತ್ತು ಕೈಗೆ ಒಂದು ಕೈ ಮಾತ್ರ ಕಾಲ್ ಮಾಡ್ತಾನೆ. ಉಳಿದ ಎಲ್ಲಾ ಸಲ ತಳ್ಳಿದವನಿಗೆ ಪಾಟ್ (ನಡುವೆ ಸೇರಿರೋ ಚಿಪ್ಸ್) ಪುಕ್ಕಟೆ. ಅದಕ್ಕೇ ಕೊನೆ ಹಂತದಲ್ಲಿ ಮೊದಲು ತಳ್ಳೋರಾಗಿ, ಕಾಲ್ ಮಾಡೋರಾಗಬೇಡಿ. ಆದ್ರೆ ಇದು ನಡೆಯೋದು ಎದುರಿನವರಿಗೆ ಫೋಲ್ಡ್ ಮಾಡೋಕೆ ಬಂದ್ರೆ ಮಾತ್ರ. ರಜೆಗೆ ಬಂದು, ಊಟ ಪಾನೀಯ ಮುಗಿಸಿ ಕೂತಿರೋರು "ನೋಡೇ ಬಿಡೋಣ" ಅಂತ ಯಾವುದಕ್ಕಾದ್ರೂ ಕಾಲ್ ಮಾಡ್ತಾರೆ. ಅವರು ಮಾಡೋದು ತಪ್ಪು, ಆದ್ರೆ ಆ ತಪ್ಪಿನ ದಂಡದಲ್ಲಿ ಅರ್ಧ ಕಟ್ಟೋರು ನೀವು. ಅಂಥವರ ಬ್ಲೈಂಡ್ ಮೇಲೆ ಗಟ್ಟಿ ಕಾರ್ಡ್ ಇದ್ರೆ ಮಾತ್ರ ಹೋಗಿ.

ಸ್ಟ್ಯಾಕ್‌ಗಳು ಸಮ ಇಲ್ಲದಾಗ ಕಷ್ಟ ಮಧ್ಯದವರಿಗೆ. 40, 20, 18, 3 ಬ್ಲೈಂಡ್ ಅಂತ ಇಟ್ಕೊಳ್ಳಿ. 3 ಇರೋನು ಇನ್ನೇನು ಬ್ಲೈಂಡ್‌ಗೆ ಬೀಳ್ತಾನೆ. ಅವನು ಕೂತಿರೋವರೆಗೂ 20 ಮತ್ತು 18 ಒಬ್ಬರಿಗೊಬ್ಬರು ಆಲ್-ಇನ್ ಆಗೋದು ಭಾರಿ ತಪ್ಪು. 40 ಇರೋನು ಇದನ್ನೇ ಹಿಡ್ಕೊಂಡು ಇಬ್ಬರನ್ನೂ ಅಮುಕ್ತಾನೆ, ಯಾಕಂದ್ರೆ ಒಂದು ಕೈ ಸೋತ್ರೂ ಅವನು ಮನೆಗೆ ಹೋಗಲ್ಲ. ಕಾರ್ಡ್ ನೋಡೋಕೆ ಮುಂಚೆ ಇಷ್ಟು ಗಮನಿಸಿ: ನಿಮ್ಮನ್ನ ಪೂರ್ತಿ ಹೊರಗೆ ಹಾಕೋಷ್ಟು ಚಿಪ್ಸ್ ಯಾರ ಹತ್ರ ಇದೆ, ನಿಮಗಿಂತ ಮುಂಚೆ ಯಾರು ಬೀಳ್ತಾರೆ, ಮುಂದಿನ ಬಹುಮಾನ ಎಷ್ಟು ಹೆಚ್ಚು. ಬಹುಮಾನದ ಪಟ್ಟಿಯನ್ನ ಬ್ರೇಕ್‌ನಲ್ಲಿ ಫೋಟೋ ತೆಗೆದಿಟ್ಕೊಳ್ಳಿ, ಕೈ ನಡೆಯೋವಾಗ ಫೋನ್ ಮುಟ್ಟಬೇಡಿ.

ಸ್ಯಾಟಲೈಟ್ ಆಟ, ಅಂದ್ರೆ ಹಣದ ಬದಲು ದೊಡ್ಡ ಟೂರ್ನಮೆಂಟ್‌ನ ಟಿಕೆಟ್ ಗೆಲ್ಲೋ ಆಟ, ಇನ್ನೂ ಕಟ್ಟುನಿಟ್ಟು. 10 ಟಿಕೆಟ್, 11 ಜನ ಉಳಿದಿದ್ದಾರೆ, ಚಿಪ್ಸ್‌ನಲ್ಲಿ ನೀವು ಎರಡನೇ ಸ್ಥಾನ. ಮೊದಲ ಸ್ಥಾನದವನು ಆಲ್-ಇನ್ ಅಂದ. ನಿಮ್ಮ ಕೈಯಲ್ಲಿ ಜೋಡಿ ಏಸ್. ಫೋಲ್ಡ್ ಮಾಡಿ. ಏಸ್ ಜೋಡಿ ಗೆಲ್ಲೋದು 85% ಸಲ, ಸುಮ್ಮನೆ ಕೂತ್ರೆ ಟಿಕೆಟ್ ಹೆಚ್ಚುಕಮ್ಮಿ ಖಚಿತ, ಚಿಪ್ಸ್ ಹೆಚ್ಚಿದ್ರೆ ಎರಡು ಟಿಕೆಟ್ ಕೊಡಲ್ಲ.

ಬಬಲ್ (ಇನ್ನೊಬ್ಬರು ಔಟಾದ್ರೆ ಉಳಿದವರಿಗೆಲ್ಲ ಬಹುಮಾನ ಅನ್ನೋ ಹಂತ) ಬಂದಾಗ ಎಲ್ಲಾ ಟೇಬಲ್‌ನಲ್ಲೂ ಒಟ್ಟೊಟ್ಟಿಗೆ ಒಂದೊಂದೇ ಕೈ ಹಂಚ್ತಾರೆ. ಒಂದೇ ಕೈಯಲ್ಲಿ ಇಬ್ಬರು ಔಟಾದ್ರೆ: ಒಂದೇ ಟೇಬಲ್ ಆದ್ರೆ ಕೈ ಶುರುವಿನಲ್ಲಿ ಹೆಚ್ಚು ಚಿಪ್ಸ್ ಇದ್ದವನು ಮೇಲೆ, ಬೇರೆ ಟೇಬಲ್ ಆದ್ರೆ ಸಾಮಾನ್ಯವಾಗಿ ಬಹುಮಾನ ಹಂಚಿಕೆ. ಟೇಬಲ್‌ನಲ್ಲಿ ಇನ್ನೊಬ್ಬರು ಕನ್ನಡದವರು ಸಿಕ್ಕಿದ್ರೆ ಖುಷಿ ಆಗೋದು ಸಹಜ, ಆದ್ರೆ ಕೈ ನಡೆಯೋವಾಗ ಕನ್ನಡದಲ್ಲಿ ಒಂದು ಮಾತೂ ಬೇಡ. ಏನು ಮಾತಾಡಿದ್ರಿ ಅಂತ ಬೇರೆಯವರಿಗೆ ಗೊತ್ತಾಗಲ್ಲ, ದಂಡ ಬೀಳಬಹುದು, ಬೀಳೋದೂ ನ್ಯಾಯವೇ.

ಕೊನೆಗೆ ಡೀಲ್. ಮೂವರು ಉಳಿದಾಗ "ಹಂಚ್ಕೊಳ್ಳೋಣ" ಅನ್ನೋ ಮಾತು ಬರುತ್ತೆ. ಅದೇ 5-3-2 ಲಕ್ಷ, ಚಿಪ್ಸ್ 70%, 20%, 10% ಇದೆ ಅಂದ್ಕೊಳ್ಳಿ. ಮೊದಲ ಸ್ಥಾನದವರು ಹೇಳೋದು ಚಿಪ್ಸ್ ಪ್ರಕಾರ ಹಂಚಿಕೆ: ಎಲ್ಲರಿಗೂ 2 ಲಕ್ಷ ಖಾತ್ರಿ, ಉಳಿದ 4 ಲಕ್ಷ ಚಿಪ್ಸ್‌ನ ಪಾಲಿಗೆ. ಹಾಗೆ ಮಾಡಿದ್ರೆ 4,80,000, 2,80,000, 2,40,000. ಐಸಿಎಂ ಪ್ರಕಾರ ಆದ್ರೆ ಸುಮಾರು 4,35,000, 3,09,000, 2,56,000. ಚಿಪ್ಸ್ ಕಮ್ಮಿ ಇರೋರು ಸುಮ್ಮನೆ ಹೂಂ ಅಂದ್ರೆ ಇಬ್ಬರಿಂದ ಸೇರಿ 45,000 ಆಚೆ ಹೋಯ್ತು. ಡೀಲ್‌ಗೆ ಅಲ್ಲಿ ಅವಕಾಶ ಇದೆಯಾ ಅಂತ ಮೊದಲು ಫ್ಲೋರ್ ಮ್ಯಾನೇಜರ್‌ನ ಕೇಳಿ, ಎರಡೂ ಲೆಕ್ಕ ಹಾಳೆ ಮೇಲೆ ಬರೆಸಿ, ಆಮೇಲೆ ಒಪ್ಪಿ. ಗೆದ್ದ ಹಣದ ಮೇಲೆ 30% ತೆರಿಗೆ, ಮೇಲೆ ಸೆಸ್ ಇದೆ. ಯಾರ ಪಾಲು ಯಾರ ಹೆಸರಲ್ಲಿ ದಾಖಲಾಗುತ್ತೆ ಅನ್ನೋದನ್ನ ಅಲ್ಲೇ, ಮುಂದಿನ ಕೈ ಹಂಚೋಕೆ ಮುಂಚೆ ಖಾತ್ರಿ ಮಾಡ್ಕೊಳ್ಳಿ.