ಸಮಯ ಕೊಟ್ಟೂ ಸೋಲಿಸುವ ಆಟ

ನಮಸ್ಕಾರ. ಇವತ್ತು ಟರ್ನ್ ಬೇಸ್ಡ್ ಸ್ಟ್ರಾಟಜಿ ಗೇಮ್‌ಗಳ ಬಗ್ಗೆ ಮಾತಾಡೋಣ. ನಮ್ಮದೊಂದು ನಡೆ, ಆಮೇಲೆ ಎದುರಾಳಿಯದೊಂದು ನಡೆ, ಚದುರಂಗದ ಹಾಗೆ ಸರದಿಯ ಮೇಲೆ ಸಾಗುವ ಗೇಮ್‌ಗಳು. ಮೊದಲು ಒಂದೇ ಒಂದು ಸರದಿಯ ಕಥೆ ಹೇಳಿಬಿಡುತ್ತೇನೆ.

ಗೇಮು ಎಕ್ಸ್‌ಕಾಮ್ 2. ಬಂದಿದ್ದು 2016ರಲ್ಲಿ. ನನ್ನ ಕಡೆ ನಾಲ್ವರು, ಎದುರಿಗೆ ಮೂವರು. ಇಲ್ಲಿ ಒಬ್ಬೊಬ್ಬ ಸೈನಿಕನಿಗೂ ಒಂದು ಸರದಿಯಲ್ಲಿ ಎರಡು ಕೆಲಸ ಸಿಗುತ್ತದೆ. ಸಾಮಾನ್ಯವಾಗಿ ಒಂದು ಓಟ, ಒಂದು ಗುಂಡು. ನನ್ನ ಮೂವರ ಕೆಲಸ ಆಗಲೇ ಮುಗಿದಿತ್ತು. ಎದುರಿನವರಲ್ಲಿ ಇಬ್ಬರು ಬಿದ್ದಿದ್ದರು, ಉಳಿದವನು ಒಂದು ಕಾರಿನ ಹಿಂದೆ ಮರೆಯಾಗಿ ಕೂತಿದ್ದ. ನನ್ನ ಬಳಿ ಉಳಿದಿದ್ದವಳು ಒಬ್ಬ ರೇಂಜರ್, ಅಂದರೆ ಹತ್ತಿರ ನುಗ್ಗಿ ಹೊಡೆಯುವ ಸೈನಿಕಳು. ನಿಂತ ಜಾಗದಿಂದಲೇ ಹೊಡೆದರೆ ಗುಂಡು ತಾಗುವ ಸಾಧ್ಯತೆ 65 ಪರ್ಸೆಂಟ್. ಎಡಗಡೆಯಿಂದ ಸುತ್ತಿ ಹೋಗಿ ಹತ್ತಿರದಿಂದ ಹೊಡೆದರೆ 95.

ಸುತ್ತಿ ಹೋದೆ. ಗುಂಡು ತಾಗಿತು. ಅವನು ಬಿದ್ದ.

ಆದರೆ ಆ ಓಟದ ಕೊನೆಯ ಒಂದು ಚೌಕದಲ್ಲಿ, ಗೋಡೆಯಾಚೆ ಇದ್ದ ಇನ್ನೊಂದು ಗುಂಪಿನ ಕಣ್ಣಿಗೆ ಅವಳು ಬಿದ್ದಿದ್ದಳು. ಹೊಸದಾಗಿ ಮೂವರು. ನನ್ನ ನಾಲ್ವರಲ್ಲಿ ಯಾರಿಗೂ ಇನ್ನು ಕೆಲಸ ಉಳಿದಿಲ್ಲ. ಮುಂದಿನ ಸರದಿ ಅವರದು. ಅವಳು ನಿಂತಿದ್ದು ಬಯಲಲ್ಲಿ. ಹನ್ನೊಂದು ಮಿಷನ್‌ಗಳಿಂದ ನನ್ನ ಜೊತೆಗಿದ್ದವಳು ಆ ಸರದಿಯಲ್ಲೇ ಹೋದಳು.

ಬೇರೆ ಥರದ ಗೇಮ್ ಆಗಿದ್ದರೆ ಒಂದು ನೆಪ ಸಿಗುತ್ತಿತ್ತು. ಕೈ ತಡವಾಯಿತು, ಬಟನ್ ತಪ್ಪಾಗಿ ಒತ್ತಿದೆ, ಎಲ್ಲ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಆಗಿಹೋಯಿತು, ಹೀಗೆ. ಇಲ್ಲಿ ಸ್ಕ್ರೀನ್ ಸುಮ್ನೆ ನಿಂತು ನನಗಾಗಿ ಕಾಯುತ್ತಿತ್ತು. ಅರ್ಧ ಗಂಟೆ ಯೋಚಿಸಿದ್ದರೂ ಯಾರೂ ಕೇಳುತ್ತಿರಲಿಲ್ಲ. ಎಕ್ಸ್‌ಕಾಮ್ ಆಡುವವರಿಗೆಲ್ಲ ಗೊತ್ತಿರುವ ಪಾಠ ಅದು: ಕಾಣದ ಜಾಗಕ್ಕೆ ಕಾಲಿಡುವುದಿದ್ದರೆ ಸರದಿಯ ಶುರುವಿನಲ್ಲೇ ಇಡಬೇಕು. ಆಗ ಯಾರಾದರೂ ಎದುರಾದರೂ ಉಳಿದ ಮೂವರು ಏನಾದರೂ ಮಾಡಬಹುದು. ಕೊನೆಯ ಓಟ ಯಾವಾಗಲೂ ಈಗಾಗಲೇ ಕಂಡ ನೆಲದ ಮೇಲೇ ಇರಬೇಕು. ಇದು ನನಗೆ ಗೊತ್ತಿತ್ತು. 95 ಅನ್ನುವ ಅಂಕಿ ನೋಡಿದ ಕೂಡಲೇ ಮರೆತೆ.

ಈ ಗೇಮ್‌ಗಳು ನಿಧಾನ, ಬೋರು ಅಂತ ಹೇಳುವವರು ತುಂಬ ಜನ. ರಿಯಲ್ ಟೈಮ್ ಸ್ಟ್ರಾಟಜಿಯಲ್ಲಿ, ಅಂದರೆ 1998ರ ಸ್ಟಾರ್‌ಕ್ರಾಫ್ಟ್‌ನಂಥ ಗೇಮ್‌ಗಳಲ್ಲಿ, ಪಳಗಿದವರ ಕೈ ನಿಮಿಷಕ್ಕೆ ನೂರಾರು ಸಲ ಓಡುತ್ತದೆ. ಅದು ನಿಜಕ್ಕೂ ದೊಡ್ಡ ವಿದ್ಯೆ, ನನಗೆ ಅದರ ಮೇಲೆ ಗೌರವ ಇದೆ. ಆದರೆ ಅಲ್ಲಿ ಸೋಲು ಕೈಯದೋ ತಲೆಯದೋ ಅನ್ನುವುದು ಕಲಸಿಹೋಗಿರುತ್ತದೆ. ಸರದಿ ಆಟ ಕೈಯನ್ನು ಪಕ್ಕಕ್ಕಿಟ್ಟುಬಿಡುತ್ತದೆ. ಉಳಿಯುವುದು ತೀರ್ಮಾನ ಒಂದೇ. ಮಾಡಿದ್ದುಣ್ಣೋ ಮಹರಾಯ, ಅಷ್ಟೇ. ನನಗೆ ಈ ಗೇಮ್‌ಗಳು ಯಾಕಿಷ್ಟು ಇಷ್ಟ ಅಂತ ಕೇಳಿದರೆ ಇದನ್ನೇ ಹೇಳುತ್ತೇನೆ. ಯಾಕಿಷ್ಟು ಕಷ್ಟ ಅಂತ ಕೇಳಿದರೂ ಇದನ್ನೇ ಹೇಳುತ್ತೇನೆ.

ಇದರಲ್ಲಿ ಇನ್ನೊಂದು ಒಳ್ಳೆಯ ವಿಷಯ ಇದೆ, ಅದನ್ನು ಯಾರೂ ಜಾಸ್ತಿ ಹೇಳುವುದಿಲ್ಲ. ಬೆರಳು ನೋಯುವವರು, ಕೈ ನಡುಗುವವರು, ವಯಸ್ಸಾದವರು, ಮಗುವನ್ನು ಮಡಿಲಲ್ಲಿಟ್ಟುಕೊಂಡು ಆಡುವವರು, ಎಲ್ಲರೂ ಇಲ್ಲಿ ಸರಿಸಮ. ಮಧ್ಯದಲ್ಲಿ ಎದ್ದು ಹೋಗಿ ಎರಡು ಗಂಟೆ ಬಿಟ್ಟು ಬಂದರೂ ಕಾಯಿಗಳು ಇಟ್ಟಲ್ಲೇ ಇರುತ್ತವೆ.

ಈಗ ಮತ್ತೆ ಆ 95ಕ್ಕೆ ಬರೋಣ. ಅಲ್ಲಿ ನನ್ನ ಗುಂಡು ತಾಗಿತ್ತು. ಅಂದರೆ ನಡೆ ತಪ್ಪು, ಫಲ ಒಳ್ಳೆಯದು. ಆ ಒಂದು ಗುಂಡಿನ ಮಟ್ಟಿಗೆ ಮಾತ್ರ ಅನ್ನಿ. ಇದರ ತಿರುಗುಮುರುಗೂ ಆಗುತ್ತದೆ: ನಡೆ ಸರಿಯಾಗಿಯೇ ಇರುತ್ತದೆ, ಗುಂಡು ತಪ್ಪುತ್ತದೆ. ಆಗ ನಾವೆಲ್ಲ ಗೇಮ್ ಮೋಸ ಮಾಡಿತು ಅಂತ ಕೂಗುತ್ತೇವೆ. ಒಂದು ಸಣ್ಣ ಲೆಕ್ಕ ಹಾಕಿ ನೋಡಿ. 95 ಪರ್ಸೆಂಟಿನ ಗುಂಡನ್ನು ಇಪ್ಪತ್ತು ಸಲ ಹೊಡೆದರೆ, ಇಪ್ಪತ್ತೂ ತಾಗುವ ಸಾಧ್ಯತೆ ಸುಮಾರು 36 ಪರ್ಸೆಂಟ್ ಮಾತ್ರ. ಅಂದರೆ ಒಂದಾದರೂ ತಪ್ಪುವುದೇ ಹೆಚ್ಚು. ಅದೇ 70 ಪರ್ಸೆಂಟಿನ ಮೂರು ಗುಂಡು ಕೈಯಲ್ಲಿದ್ದರೆ, ಮೂರೂ ತಪ್ಪುವುದು ನೂರಕ್ಕೆ ಮೂರು ಸಲಕ್ಕಿಂತಲೂ ಕಡಿಮೆ. ಹಾಗಾಗಿ ಒಂದು ದೊಡ್ಡ ಅಂಕಿಯನ್ನು ನಂಬಿ ಕೂರುವುದಕ್ಕಿಂತ, ಸಾಧಾರಣದ ಮೂರು ಅವಕಾಶ ಇಟ್ಟುಕೊಂಡವರು ಹೆಚ್ಚು ದಿನ ಬದುಕುತ್ತಾರೆ. ಇದನ್ನು ಪುಸ್ತಕದಲ್ಲಿ ಓದಿದರೆ ತಲೆಗೆ ಹತ್ತುವುದಿಲ್ಲ. ಇಷ್ಟಪಟ್ಟು ಬೆಳೆಸಿದ ಒಬ್ಬ ಸೈನಿಕ ಹೋದಾಗ ಹತ್ತುತ್ತದೆ.

ಗೇಮ್ ಮಾಡುವವರಿಗೂ ಇದು ಚೆನ್ನಾಗಿ ಗೊತ್ತು. ಒಂದು ನಾಗರಿಕತೆಯನ್ನೇ ಕಟ್ಟಿ ಬೆಳೆಸುವ ಸಿವಿಲೈಸೇಶನ್ ಗೇಮ್ ಮಾಡಿದ ಸಿಡ್ ಮೈಯರ್ ಒಂದು ಭಾಷಣದಲ್ಲಿ ಇದನ್ನು ವಿವರಿಸಿದ್ದಾರೆ. ತಮ್ಮ ಬಲ ಎದುರಾಳಿಯ ಮೂರು ಪಟ್ಟು ಇದ್ದಾಗ ಸೋತರೆ ಆಡುವವರಿಗೆ ಅನ್ಯಾಯ ಆಯಿತು ಅನ್ನಿಸುತ್ತಿತ್ತಂತೆ. ಅದೇ ತಮ್ಮ ಬಲ ಕಡಿಮೆ ಇದ್ದು, ಒಂದಕ್ಕೆ ಮೂರರ ಎದುರು ಗೆದ್ದರೆ ಯಾರದೂ ತಕರಾರಿಲ್ಲ! ಜಪಾನಿನ ಫೈರ್ ಎಂಬ್ಲಮ್ ಸರಣಿ ಇದಕ್ಕೆ ಬೇರೆಯೇ ದಾರಿ ಹುಡುಕಿತು. ಸಾಮಾನ್ಯವಾಗಿ ಗೇಮ್ ಲಾಟರಿಯ ಹಾಗೆ ಒಂದು ಅಂಕಿ ಎತ್ತುತ್ತದೆ, ಅದು ಸ್ಕ್ರೀನ್ ಮೇಲಿನ ಅಂಕಿಗಿಂತ ಕಡಿಮೆ ಇದ್ದರೆ ಏಟು ತಾಗಿತು ಅಂತ ಲೆಕ್ಕ. 2002ರಲ್ಲಿ ಬಂದ ಗೇಮಿನಿಂದ ಶುರುಮಾಡಿ ಹಲವು ವರ್ಷ, ಅದು ಒಂದು ಅಂಕಿಯ ಬದಲು ಎರಡು ಅಂಕಿ ಎತ್ತಿ ಅವುಗಳ ಸರಾಸರಿ ನೋಡುತ್ತಿತ್ತು. ಹಾಗಾಗಿ ಸ್ಕ್ರೀನ್ ಮೇಲೆ 90 ಅಂತ ಇದ್ದರೆ ನಿಜವಾಗಿ ತಾಗುವುದು ನೂರಕ್ಕೆ ಸುಮಾರು 98 ಸಲ. 10 ಅಂತ ತೋರಿಸಿದರೆ ನಿಜದಲ್ಲಿ ಬರೀ 2. ಎಕ್ಸ್‌ಕಾಮ್ 2 ಕೂಡ ಸುಲಭದ ಹಂತಗಳಲ್ಲಿ, ಗುರಿ ತಪ್ಪಿದ ಮೇಲೆ ಮುಂದಿನ ಗುಂಡಿಗೆ ಒಳಗೊಳಗೇ ಒಂದಿಷ್ಟು ಕೂಡಿಸುತ್ತದೆ.

ನನಗೆ ಇದು ಅಷ್ಟು ಹಿಡಿಸುವುದಿಲ್ಲ. ಹೊಸಬರಿಗೆ ಬೇಸರ ಆಗದಿರಲಿ ಅನ್ನುವ ಕಾಳಜಿ ಅರ್ಥವಾಗುತ್ತದೆ. ಆದರೆ ತೀರ್ಮಾನವೇ ಆಟದ ಜೀವ ಅಂದಮೇಲೆ, ಆ ತೀರ್ಮಾನಕ್ಕೆ ಕೊಡುವ ಅಂಕಿ ನಿಜವಾಗಿರಬೇಕು ಅಲ್ವಾ? ಸಹಾಯ ಮಾಡಿ, ಬೇಡ ಅನ್ನುವುದಿಲ್ಲ. ಮಾಡಿದ್ದನ್ನು ಸ್ಕ್ರೀನ್ ಮೇಲೇ ತೋರಿಸಿ.

ಹಳೆಯ ಸೇವ್ ಲೋಡ್ ಮಾಡಿ ಮತ್ತೆ ಆಡುವುದರ ಬಗ್ಗೆಯೂ ಒಂದು ಮಾತು. ನಾನೂ ವರ್ಷಗಟ್ಟಲೆ ಹಾಗೇ ಆಡಿದೆ. ಯಾರಾದರೂ ಸತ್ತರೆ ಹಿಂದಕ್ಕೆ, ಗುಂಡು ತಪ್ಪಿದರೆ ಹಿಂದಕ್ಕೆ. ಗೇಮ್ ಮುಗಿದಾಗ ಎಲ್ಲರೂ ಬದುಕಿದ್ದರು, ಒಂದು ಮಿಷನ್ ಕೂಡ ನೆನಪಿನಲ್ಲಿ ಉಳಿಯಲಿಲ್ಲ. ಸತ್ತವರು ಸತ್ತೇ ಹೋಗುತ್ತಾರೆ ಅನ್ನುವ ನಿಯಮ ಫೈರ್ ಎಂಬ್ಲಮ್‌ನಲ್ಲಿ 1990ರ ಮೊದಲ ಗೇಮಿನಿಂದಲೇ ಇದೆ. ಈಚಿನ ಗೇಮ್‌ಗಳಲ್ಲಿ ಅದನ್ನು ಸಡಿಲಿಸುವ ಆಯ್ಕೆ ಕೊಟ್ಟಿದ್ದಾರೆ. 2019ರ ತ್ರೀ ಹೌಸಸ್‌ನಲ್ಲಂತೂ ಕಾಲವನ್ನೇ ಹಿಂದಕ್ಕೆ ತಿರುಗಿಸಬಹುದು, ಆದರೆ ಒಂದು ಯುದ್ಧದಲ್ಲಿ ಇಂತಿಷ್ಟೇ ಸಲ. ಇದು ನನಗೆ ಒಪ್ಪಿಗೆ. ಲೆಕ್ಕ ಇಟ್ಟು ಕೊಟ್ಟಾಗ, ಹಿಂದಕ್ಕೆ ಹೋಗಬೇಕೋ ಬೇಡವೋ ಅನ್ನುವುದೂ ಒಂದು ತೀರ್ಮಾನವೇ ಆಗುತ್ತದೆ.

ಅದೃಷ್ಟದ ತಂಟೆಯೇ ಬೇಡ ಅನ್ನುವವರಿಗೆ ಇನ್‌ಟು ದ ಬ್ರೀಚ್ ಇದೆ, 2018ರದ್ದು. ಚದುರಂಗದ ಮಣೆಯಷ್ಟೇ, ಎಂಟಕ್ಕೆ ಎಂಟು ಚೌಕ. ನಿಮ್ಮ ಬಳಿ ಮೂರು ಯಂತ್ರ, ಎದುರಿಗೆ ದೈತ್ಯ ಕೀಟಗಳು. ಯಾವ ಕೀಟ ಮುಂದೆ ಎಲ್ಲಿಗೆ ಹೊಡೆಯುತ್ತದೆ, ಯಾವ ಕ್ರಮದಲ್ಲಿ ಹೊಡೆಯುತ್ತದೆ, ಎಲ್ಲವನ್ನೂ ನಿಮ್ಮ ಸರದಿಗೆ ಮೊದಲೇ ತೋರಿಸಿಬಿಡುತ್ತದೆ. ನಿಮ್ಮ ಏಟು ಯಾವತ್ತೂ ಗುರಿ ತಪ್ಪುವುದಿಲ್ಲ. ಇಷ್ಟೆಲ್ಲ ಗೊತ್ತಿದ್ದೂ ನಾನು ಒಂದೊಂದು ಸರದಿಗೆ ಹತ್ತು ನಿಮಿಷ ತಲೆ ಹಿಡಿದುಕೊಂಡು ಕೂತಿದ್ದೇನೆ. ಮೂರು ಕೀಟ ಮೂರು ಕಟ್ಟಡದ ಮೇಲೆ ಗುರಿಯಿಟ್ಟಿರುತ್ತವೆ. ಕೊಲ್ಲಲು ಸಾಧ್ಯವಿರುವುದು ಒಂದನ್ನು. ಆಗ ಕಣ್ಣಿಗೆ ಬೀಳುತ್ತದೆ: ಈ ಕೀಟವನ್ನು ಒಂದು ಚೌಕ ಪಕ್ಕಕ್ಕೆ ತಳ್ಳಿದರೆ ಅದರ ಏಟು ಕಟ್ಟಡ ಬಿಟ್ಟು ಇನ್ನೊಂದು ಕೀಟದ ಮೇಲೆ ಬೀಳುತ್ತದೆ. ಎರಡಕ್ಕೂ ಒಂದೇ ತಳ್ಳು ಸಾಕು! ಉಳಿದ ಮೂರನೆಯದಕ್ಕೆ ನನ್ನ ಯಂತ್ರವನ್ನೇ ಅಡ್ಡ ನಿಲ್ಲಿಸಿ ಏಟು ತಿಂದರಾಯಿತು. ಹತ್ತು ನಿಮಿಷದ ಹಿಂದೆ ಅಸಾಧ್ಯ ಅನ್ನಿಸಿದ್ದ ಮಣೆ, ಒಂದೂ ಕಟ್ಟಡ ಬೀಳದೆ ಉಳಿಯಿತು. ಆ ಖುಷಿಯನ್ನು ಬೇರೆ ಯಾವ ಥರದ ಗೇಮೂ ನನಗೆ ಕೊಟ್ಟಿಲ್ಲ.

ಸಿವಿಲೈಸೇಶನ್ ಇನ್ನೊಂದು ತುದಿ. ಸಿಡ್ ಮೈಯರ್ ಮತ್ತು ಬ್ರೂಸ್ ಶೆಲ್ಲಿ 1991ರಲ್ಲಿ ಮಾಡಿದ್ದು, ಆಟ ಶುರುವಾಗುವುದು ಕ್ರಿಸ್ತಪೂರ್ವ 4000ದಲ್ಲಿ. "ಇನ್ನೊಂದೇ ಸರದಿ" ಅನ್ನುತ್ತ ಬೆಳಗಾಗುವ ಕಥೆ ಆಡಿದವರಿಗೆಲ್ಲ ಗೊತ್ತು. ಅದು ಯಾಕೆ ಹಾಗೆ ಹಿಡಿದುಕೊಳ್ಳುತ್ತದೆ ಅಂದರೆ, ಅಲ್ಲಿ ಕೆಲಸಗಳು ಒಟ್ಟಿಗೆ ಮುಗಿಯುವುದೇ ಇಲ್ಲ. ಗ್ರಂಥಾಲಯಕ್ಕೆ ಇನ್ನೆರಡು ಸರದಿ, ಹೊಸ ಊರು ಕಟ್ಟುವವರು ತಯಾರಾಗಲು ಮೂರು, ಲೋಹದ ವಿದ್ಯೆ ಸಿಗಲು ಐದು. ಒಂದು ಮುಗಿಯುವ ಹೊತ್ತಿಗೆ ಇನ್ನೊಂದು ಮುಗಿಯುವ ಹಂತದಲ್ಲಿರುತ್ತದೆ. ಎದ್ದು ಹೋಗಲು ಸರಿಯಾದ ಜಾಗವೇ ಸಿಗುವುದಿಲ್ಲ.

ಆದರೆ ಇದೇ ಗೇಮಿನ ದೊಡ್ಡ ದೋಷವನ್ನೂ ಹೇಳಬೇಕು. ಸಿವಿಲೈಸೇಶನ್ 6ರಲ್ಲಿ ಮಾಮೂಲಿ ವೇಗದ ಆಟ ಅಂದರೆ 500 ಸರದಿ. ಮೊದಲ ಐವತ್ತು ಸರದಿಗಳಲ್ಲಿ ಪ್ರತಿ ನಡೆಗೂ ತೂಕ ಇದೆ. ಊರನ್ನು ನದಿ ಪಕ್ಕ ಕಟ್ಟಿದಿರೋ ಬೆಟ್ಟದ ಪಕ್ಕ ಕಟ್ಟಿದಿರೋ ಅನ್ನುವುದು ಕೊನೆತನಕ ಕಾಡುತ್ತದೆ. ಮುನ್ನೂರು ದಾಟಿದ ಮೇಲೆ ಯಾರು ಗೆಲ್ಲುತ್ತಾರೆ ಅಂತ ಸಾಮಾನ್ಯವಾಗಿ ಗೊತ್ತಾಗಿರುತ್ತದೆ, ಆದರೂ ಹತ್ತಾರು ಊರು, ಹತ್ತಾರು ಸೈನ್ಯ, ಎಲ್ಲಕ್ಕೂ ಒಂದೊಂದಾಗಿ ಹೇಳುತ್ತ ಹೋಗಬೇಕು. ಕ್ಲಿಕ್ ಜಾಸ್ತಿ, ತೀರ್ಮಾನ ಕಮ್ಮಿ. ಕಾಯುವುದು ಆಗ ನಿಜವಾಗಿಯೂ ಬರೀ ಕಾಯುವುದಾಗುತ್ತದೆ. 2025ರ ಫೆಬ್ರವರಿಯಲ್ಲಿ ಬಂದ ಸಿವಿಲೈಸೇಶನ್ 7 ಇಡೀ ಆಟವನ್ನು ಮೂರು ಯುಗಗಳಾಗಿ ಒಡೆದಿದ್ದರ ಹಿಂದೆ ಇದೇ ಚಿಂತೆ ಇದೆ, ಯಾಕಂದರೆ ಆಟ ಶುರುಮಾಡಿದ ಎಷ್ಟೋ ಜನ ಅದನ್ನು ಮುಗಿಸುವುದೇ ಇಲ್ಲ. ನನ್ನ ಪ್ರಕಾರ ಗೆಲುವು ಖಚಿತ ಅನ್ನಿಸಿದ ದಿನ ಆಟ ನಿಲ್ಲಿಸಿದರೆ ಏನೂ ತಪ್ಪಿಲ್ಲ. ಆಡಬೇಕಾದ್ದನ್ನು ನೀವು ಆಡಿ ಆಗಿದೆ.

ಹೊಸದಾಗಿ ಶುರುಮಾಡುವವರಿಗೆ ಇಷ್ಟು ಹೇಳುತ್ತೇನೆ: ದುಡ್ಡು ಹಾಕುವ ಮೊದಲು ಬ್ಯಾಟಲ್ ಫಾರ್ ವೆಸ್ನಾತ್ ಆಡಿ ನೋಡಿ. ಪೂರ್ತಿ ಉಚಿತ, ಆಸಕ್ತರೇ ಸೇರಿ ಕಟ್ಟಿ ಬೆಳೆಸಿದ ಗೇಮು. ಅಲ್ಲಿ ಹಗಲು ಬಲವಾಗಿರುವವರು ರಾತ್ರಿ ಸೊರಗುತ್ತಾರೆ, ಕಾಡಿನಲ್ಲಿ ನಿಂತವರಿಗೂ ಬಯಲಲ್ಲಿ ನಿಂತವರಿಗೂ ಅಜಗಜಾಂತರ. ಒಂದು ಸಂಜೆ ಆಡಿದರೆ ಈ ರುಚಿ ನಿಮ್ಮದೋ ಅಲ್ಲವೋ ಅಂತ ಗೊತ್ತಾಗುತ್ತದೆ. ಸೋತಾಗ ಕೂಡಲೇ ಹಿಂದಕ್ಕೆ ಹೋಗಬೇಡಿ. ಯಾವ ಸರದಿಯಲ್ಲಿ ಸೋತೆ ಅಂತ ಹುಡುಕಿ. ಅದು ಕೊನೆಯ ಸರದಿ ಆಗಿರುವುದಿಲ್ಲ. ನಾಲ್ಕೈದು ಸರದಿ ಹಿಂದೆ, ಎಲ್ಲ ಚೆನ್ನಾಗಿದೆ ಅಂದುಕೊಂಡಿದ್ದಾಗ ಇಟ್ಟ ಯಾವುದೋ ಒಂದು ಹೆಜ್ಜೆ ಆಗಿರುತ್ತದೆ.

ಆ ರೇಂಜರ್ ಹೋದ ರಾತ್ರಿ ನಾನು ಸೇವ್ ಲೋಡ್ ಮಾಡಲಿಲ್ಲ. ಮಾರನೆಯ ದಿನ ಮುಂದಿನ ಮಿಷನ್ ತೆರೆದೆ. ಮೂವರು ಹಳಬರು, ಅವಳ ಜಾಗಕ್ಕೆ ಒಬ್ಬ ಹೊಸ ಹುಡುಗ. ಎದುರಿಗೆ ಕತ್ತಲೆ, ಒಂದು ಮುರುಕಲು ಗೋಡೆ, ಅದರಾಚೆ ಏನಿದೆಯೋ ಕಾಣುವುದಿಲ್ಲ. ಉಳಿದ ಮೂವರನ್ನು ಮುಟ್ಟಲಿಲ್ಲ. ಮೊದಲು ಅವನನ್ನೇ ಗೋಡೆಯವರೆಗೆ ನಡೆಸಿದೆ.