ಹೊಸ ಕ್ಯಾಥೆಟರ್ ಪರೀಕ್ಷೆಯಲ್ಲಿ ಅಳೆಯಬೇಕಾದದ್ದು ಏನನ್ನು?

[ದೃಶ್ಯ: ಮೇಜಿನ ಮೇಲೆ ಕ್ಯಾಥೆಟರ್, ತುದಿಯ ಬಲೂನು ನಿಧಾನವಾಗಿ ಉಬ್ಬುತ್ತದೆ]

ನಮಸ್ಕಾರ. ಮೂತ್ರವನ್ನು ಹೊರಗಿನ ಚೀಲಕ್ಕೆ ಹರಿಸಲು ಮೂತ್ರಕೋಶದೊಳಗೆ ಬಲೂನಿನ ಆಧಾರದಿಂದ ನಿಲ್ಲುವ ಈ ಕೊಳವೆಗೆ ಫೋಲಿ ಕ್ಯಾಥೆಟರ್ ಎಂದು ಹೆಸರು. ಅಮೆರಿಕದ ಮೂತ್ರರೋಗ ತಜ್ಞ ಫ್ರೆಡರಿಕ್ ಫೋಲಿ 1930ರ ದಶಕದಲ್ಲಿ ರೂಪಿಸಿದ ಈ ವಿನ್ಯಾಸ, ಸಿಲಿಕೋನ್‌ನಂಥ ಹೊಸ ವಸ್ತುಗಳು ಬಂದದ್ದನ್ನು ಬಿಟ್ಟರೆ, ಇಂದಿಗೂ ಹೆಚ್ಚು ಬದಲಾಗಿಲ್ಲ. ಇದನ್ನು ವರ್ಷಗಟ್ಟಲೆ ಧರಿಸಿ ಬದುಕುವವರಿದ್ದಾರೆ.

ಅವರನ್ನು ಬಹಳವಾಗಿ ಕಾಡುವುದು ಕೊಳವೆ ಕಟ್ಟಿಕೊಳ್ಳುವ ತೊಂದರೆ. ಪ್ರೋಟಿಯಸ್ ಮಿರಾಬಿಲಿಸ್ ಎಂಬ ಬ್ಯಾಕ್ಟೀರಿಯಾ ಮೂತ್ರದಲ್ಲಿರುವ ಯೂರಿಯಾವನ್ನು ಒಡೆದು ಅಮೋನಿಯ ಉಂಟುಮಾಡುತ್ತದೆ. ಅದರಿಂದ ಮೂತ್ರ ಕ್ಷಾರೀಯವಾಗಿ, ಮೆಗ್ನೀಸಿಯಂ ಮತ್ತು ಕ್ಯಾಲ್ಸಿಯಂನ ಫಾಸ್ಫೇಟ್ ಹರಳುಗಳು, ಗಡಸು ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕೂರುವಂತೆ, ಕೊಳವೆಯ ಒಳಗೋಡೆಗೆ ಅಂಟಿಕೊಳ್ಳುತ್ತವೆ.

[ದೃಶ್ಯ: ಗಾಜಿನ ಪಾತ್ರೆಯಿಂದ ಚೀಲಕ್ಕೆ ಇಳಿಯುತ್ತಿರುವ ದ್ರವ]

ಆದ್ದರಿಂದ ಹೊಸ ಕೊಳವೆಯ ಆರಂಭದ ಪರೀಕ್ಷೆಗಳಲ್ಲೊಂದು ನಡೆಯುವುದು ಗಾಜಿನ ಮೂತ್ರಕೋಶದಲ್ಲಿ. 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕೃತಕ ಮೂತ್ರವನ್ನು ಹರಿಸಿ, ಬ್ಯಾಕ್ಟೀರಿಯಾ ಸೇರಿಸಿ, ಕೊಳವೆ ಎಷ್ಟು ಗಂಟೆಗಳಲ್ಲಿ ಕಟ್ಟಿಕೊಳ್ಳುತ್ತದೆ ಎಂದು ಎಣಿಸುತ್ತಾರೆ.

ಇಲ್ಲಿ ಗೆದ್ದದ್ದು ದೇಹದೊಳಗೂ ಗೆಲ್ಲುತ್ತದೆ ಎನ್ನುವಂತಿಲ್ಲ. ಬೆಳ್ಳಿಗೆ ಬ್ಯಾಕ್ಟೀರಿಯಾವನ್ನು ಕೊಲ್ಲುವ ಗುಣವಿದೆಯೆಂದು ಬೆಳ್ಳಿಲೇಪಿತ ಕ್ಯಾಥೆಟರ್‌ಗಳ ಮೇಲೆ ದೊಡ್ಡ ಭರವಸೆಯಿತ್ತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಅಲ್ಪಾವಧಿಗೆ ಕ್ಯಾಥೆಟರ್ ಹಾಕಿಸಿಕೊಂಡ ಏಳು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು, 2012ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಚಿಕಿತ್ಸೆ ಬೇಕಾದಂಥ ಸೋಂಕು ತಗುಲಿದವರ ಪ್ರಮಾಣ ಸಾಮಾನ್ಯ ಕೊಳವೆಯಲ್ಲಿ ಶೇ 12.6, ಬೆಳ್ಳಿಯದರಲ್ಲಿ ಶೇ 12.5. ಮೂತ್ರದಲ್ಲಿ ಬ್ಯಾಕ್ಟೀರಿಯಾ ಕಾಣಿಸುವುದೇ ಬೇರೆ, ಮನುಷ್ಯ ಜ್ವರ ಬಂದು ಮಲಗುವುದೇ ಬೇರೆ. ದೀರ್ಘಕಾಲ ಕೊಳವೆ ಧರಿಸಿದವರಲ್ಲಿ ಮೊದಲನೆಯದು ಹೆಚ್ಚುಕಡಿಮೆ ಎಲ್ಲರಲ್ಲೂ ಇರುತ್ತದೆ. ಯಾವುದನ್ನು ಎಣಿಸುತ್ತೇವೆ ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳದ ಪರೀಕ್ಷೆಯನ್ನು ನಂಬುವುದು ಕಷ್ಟ.

[ದೃಶ್ಯ: ಬೆರಳುಗಳು ಸೊಟ್ಟಗಾದ ಕೈಯೊಂದು ಚೀಲದ ನಲ್ಲಿ ತೆರೆಯಲು ಯತ್ನಿಸುತ್ತದೆ]

ಕಾಲಿಗೆ ಕಟ್ಟುವ ಮೂತ್ರಚೀಲದ ಪರೀಕ್ಷೆ ಇನ್ನೊಂದು ಬಗೆಯದು. ಒಬ್ಬರೇ ವ್ಯಕ್ತಿ ಕೆಲವು ವಾರ ಹಳೆಯದನ್ನು, ಕೆಲವು ವಾರ ಹೊಸದನ್ನು ಬಳಸಿ, ಪಟ್ಟಿ ಜಾರಿತೇ, ಚೀಲ ಸೋರಿತೇ, ರಾತ್ರಿ ಎಷ್ಟು ಬಾರಿ ಎಚ್ಚರವಾಯಿತು ಎಂದು ದಿನಚರಿಯಲ್ಲಿ ಬರೆದಿಡುತ್ತಾರೆ. ಆರೋಗ್ಯವಂತ ಎಂಜಿನಿಯರ್ ಎರಡೂ ಕೈಗಳಿಂದ ತಿರುಗಿಸಿ ನೋಡಿದ ನಲ್ಲಿಯನ್ನು ಪರೀಕ್ಷಿತವೆಂದು ನಾನಂತೂ ಒಪ್ಪಲಾರೆ. ಸಂಧಿವಾತದಿಂದ ಬೆರಳು ಮಡಚಲಾರದವರು, ಬೆನ್ನುಹುರಿಗೆ ಪೆಟ್ಟಾಗಿ ಸ್ಪರ್ಶ ತಿಳಿಯದವರು, ಅವರ ಚೀಲ ಬರಿದು ಮಾಡುವ ಮನೆಯವರು ಅದನ್ನು ಬಳಸಿ ಹೇಳಬೇಕು.

ಪರೀಕ್ಷೆಯ ಅವಧಿಯೂ ಮುಖ್ಯ. ದೀರ್ಘಾವಧಿಯ ಕೊಳವೆಯೊಂದನ್ನು 12 ವಾರಗಳವರೆಗೆ ಇಡಬಹುದಾದರೂ ಕೆಲವರಲ್ಲಿ ಅದು ಒಂದೆರಡು ವಾರದಲ್ಲೇ ಕಟ್ಟಿಕೊಳ್ಳುತ್ತದೆ; ಒಂದೇ ಕೊಳವೆಯ ಅವಧಿಗೆ ಮುಗಿದುಹೋಗುವ ಪರೀಕ್ಷೆಗೆ ಈ ವ್ಯತ್ಯಾಸ ಸರಿಯಾಗಿ ಕಾಣುವುದಿಲ್ಲ. ಹಲವು ಬದಲಾವಣೆಗಳವರೆಗೆ ಅದು ಮುಂದುವರಿಯಬೇಕು, ಪ್ರತಿ ಸಲ ಹೊರತೆಗೆದ ಕೊಳವೆಯನ್ನು ಎಸೆಯದೆ ಉದ್ದಕ್ಕೆ ಸೀಳಿ, ಒಳಗೆ ಕೂತ ಪದರವನ್ನು ಅಳೆದು ಬರೆದಿಡಬೇಕು.