ಸ್ನಿಪೆಟ್‌ಗೆ ಮೊದಲು ‘ರಾಗಿ’ ಕೊಟ್ಟು ನೋಡಿ
(ದಾವಣಗೆರೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಪೈಥಾನಿನಲ್ಲಿ ಜಾಲತಾಣ ಕಟ್ಟುವ ಫ್ರೇಮ್‌ವರ್ಕ್ ಜ್ಯಾಂಗೊ ಅಂದರೇನು, ಮಾಡೆಲ್ ಅಂದರೇನು ಎಂದು ವಿವರಿಸುತ್ತಾ ನಿಮ್ಮ ಹೊತ್ತು ಕಳೆಯುವುದಿಲ್ಲ. ಅದನ್ನು ದಿನವೂ ಬಳಸುವವರು ನೀವು. ಎಪಿಎಂಸಿಯ ದಲಾಲಿ ಅಂಗಡಿಗೆ ಲೆಕ್ಕದ ತಂತ್ರಾಂಶ, ಸಹಕಾರ ಸಂಘಕ್ಕೆ ಸದಸ್ಯರ ಪಟ್ಟಿ, ಕಾಲೇಜಿಗೆ ಶುಲ್ಕದ ಪುಟ ಮಾಡಿಕೊಡುವವರು. ನಾನು ಮಾತಾಡಬೇಕಿರುವುದು ಒಂದು ಪ್ರಾಜೆಕ್ಟಿನಿಂದ ಇನ್ನೊಂದಕ್ಕೆ ನಾವೆಲ್ಲ ಎತ್ತಿಕೊಂಡು ಹೋಗುವ ಆ ಹತ್ತಿಪ್ಪತ್ತು ಸಾಲಿನ ಕೋಡ್ ತುಣುಕುಗಳ, ಅಂದರೆ ಸ್ನಿಪೆಟ್‌ಗಳ ಬಗ್ಗೆ. ಫ್ರೇಮ್‌ವರ್ಕ್ ಕೊಡದೇ ಇದ್ದದ್ದನ್ನು ಅವು ಕೊಡುತ್ತವೆ. ಕೊಡುತ್ತವೆ ಎಂದು ನಂಬಿಕೊಂಡು ನಾವು ಹಾಕುತ್ತೇವೆ.

ನನ್ನ ವಾದ ಒಂದೇ. ಸ್ನಿಪೆಟ್ ಎಲ್ಲಿಂದ ಬಂದಿರಲಿ, ಯಾರೇ ಬರೆದಿರಲಿ, ಮೊದಲು ಅದಕ್ಕೆ ಒಂದು ಕನ್ನಡ ಪದ ಕೊಟ್ಟು ನೋಡಿ. ಆಮೇಲೆ ಪ್ರಾಜೆಕ್ಟಿಗೆ ಸೇರಿಸಿ. ಇವತ್ತು ನಾಲ್ಕು ಭಾಗ ಇಟ್ಟುಕೊಂಡಿದ್ದೇನೆ: ಸ್ಲಗ್, ಟೆಂಪ್ಲೇಟ್, ಮಿಡಲ್‌ವೇರ್, ಕೊನೆಗೆ ಪ್ಯಾಕೇಜ್ ಮಾಡುವುದು.

ಸ್ಲಗ್‌ನಿಂದ, ಅಂದರೆ ಶೀರ್ಷಿಕೆಯಿಂದ ಮಾಡುವ ವೆಬ್ ವಿಳಾಸದ ತುಂಡಿನಿಂದ, ಶುರು ಮಾಡೋಣ. ಜ್ಯಾಂಗೊ ಹುಟ್ಟಿದ್ದು 2003ರಲ್ಲಿ, ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಜರ್ನಲ್-ವರ್ಲ್ಡ್ ಎಂಬ ಪತ್ರಿಕೆಯಲ್ಲಿ. 2005ರಲ್ಲಿ ಅದನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಇಂಗ್ಲಿಷ್ ಸುದ್ದಿಯ ತಲೆಬರಹದಿಂದ ವೆಬ್ ವಿಳಾಸ ಮಾಡುವುದು ಅವರ ದಿನನಿತ್ಯದ ಕೆಲಸವಾಗಿತ್ತು. ಅದಕ್ಕೇ ಸ್ಲಗಿಫೈ ಎಂಬ ಫಂಕ್ಷನ್ ಫ್ರೇಮ್‌ವರ್ಕಿನ ಒಳಗೇ ಇದೆ. ಅದಕ್ಕೆ ‘ದಾವಣಗೆರೆ’ ಎಂದು ಕೊಡಿ. ಬರುವುದು ಖಾಲಿ ಸ್ಟ್ರಿಂಗ್. ಸರಿ, ಅದಕ್ಕೊಂದು ಆಯ್ಕೆ ಇದೆಯಲ್ಲ, ಯೂನಿಕೋಡ್‌ಗೆ ಅನುಮತಿ ಎಂಬ ಅಲೋ-ಯೂನಿಕೋಡ್. ಅದನ್ನು ಟ್ರೂ ಮಾಡಿ ಮತ್ತೆ ಕೊಡಿ. ಈಗ ಬರುವುದು ‘ದವಣಗರ’. ‘ಚಿತ್ರದುರ್ಗ’ ಕೊಟ್ಟರೆ ‘ಚತರದರಗ’. ಗುಣಿತವೂ ಹೋಯಿತು, ಒತ್ತಕ್ಷರವೂ ಹೋಯಿತು.

ಯಾಕೆ ಹೀಗೆ? ತಪ್ಪು ಜ್ಯಾಂಗೊದಲ್ಲಿ ಮಾತ್ರ ಇಲ್ಲ, ಅದರ ಕೆಳಗಿನ ಪೈಥಾನಿನಲ್ಲೂ ಇದೆ. ಸ್ಲಗಿಫೈ ಒಳಗೆ ಬ್ಯಾಕ್‌ಸ್ಲ್ಯಾಶ್-ಡಬ್ಲ್ಯೂ ಎಂಬ ರೆಜೆಕ್ಸ್, ಅಂದರೆ ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರ, ಇದೆ. ಪೈಥಾನಿನ ರೆಜೆಕ್ಸ್ ಮಾಡ್ಯೂಲ್ ಅದನ್ನು ಅಕ್ಷರ, ಅಂಕಿ, ಅಂಡರ್‌ಸ್ಕೋರ್ ಎಂದಷ್ಟೇ ಓದುತ್ತದೆ. ನಮ್ಮ ಕಾಗುಣಿತದ ಚಿಹ್ನೆ, ಅರ್ಧಾಕ್ಷರದ ಚಿಹ್ನೆ, ಅನುಸ್ವಾರ, ಇವೆಲ್ಲ ಯೂನಿಕೋಡ್ ಪಟ್ಟಿಯಲ್ಲಿ ಅಕ್ಷರಗಳಲ್ಲ, ‘ಮಾರ್ಕ್’ ಎಂಬ ಬೇರೆ ವರ್ಗದವು. ಹಾಗಾಗಿ ಅವನ್ನು ಕಸವೆಂದು ಗುಡಿಸಿ ಹಾಕುತ್ತದೆ.

‘ಹೋಗಲಿ ಬಿಡಿ, ವಿಳಾಸ ತಾನೆ, ಯಾರು ಓದುತ್ತಾರೆ’ ಅನ್ನುವವರಿದ್ದಾರೆ. ಅವರಿಗೆ ಒಂದು ಉದಾಹರಣೆ. ಕೃಷಿ ಮಾಹಿತಿಯ ಒಂದು ಜಾಲತಾಣ ಮಾಡುತ್ತಿದ್ದೀರಿ ಎಂದುಕೊಳ್ಳಿ. ಬೆಳೆಯ ಪುಟ ಒಂದು, ‘ರಾಗಿ’. ಅದರ ಸ್ಲಗ್ ‘ರಗ’. ಇನ್ನೊಂದು ಪುಟ, ‘ರೋಗ’. ಅದರ ಸ್ಲಗ್ಗೂ ‘ರಗ’. ರಾಗಿಗೂ ರೋಗಕ್ಕೂ ಒಂದೇ ವಿಳಾಸ! ‘ಹತ್ತಿ’ಗೂ ‘ಹುತ್ತ’ಕ್ಕೂ ಹೀಗೇ, ಎರಡೂ ‘ಹತತ’. ಫೀಲ್ಡ್ ಯುನೀಕ್ (ಒಂದೇ ಮೌಲ್ಯ ಎರಡು ಸಲ ಬರಬಾರದು) ಎಂದು ಹಾಕಿದ್ದರೆ ಎರಡನೆಯದನ್ನು ಉಳಿಸುವಾಗ ಇಂಟೆಗ್ರಿಟಿ ಎರರ್ ಬರುತ್ತದೆ. ಹಾಗೆ ಬಂದರೆ ಪುಣ್ಯ, ತಪ್ಪು ಗೊತ್ತಾಯಿತು. ಯುನೀಕ್ ಹಾಕದೇ ಇದ್ದರೆ ರಾಗಿ ಹುಡುಕಿಕೊಂಡು ಬಂದ ರೈತನಿಗೆ ರೋಗದ ಪುಟ ತೆರೆದೀತು. ಬೇರೆ ಊರಿನವರು ಬರೆದ ಟೆಸ್ಟಿನಲ್ಲಿ ಇದು ಯಾವತ್ತೂ ಸಿಗುವುದಿಲ್ಲ. ಅಲ್ಲಿ ಟೆಸ್ಟ್ ಆಗುವುದು ‘ಹಲೋ ವರ್ಲ್ಡ್’. ಇದಕ್ಕೇ ಹೇಳಿದ್ದು, ಮೊದಲು ಕನ್ನಡ ಕೊಟ್ಟು ನೋಡಿ ಎಂದು.

ಇಂಗ್ಲಿಷಿಗೆ ಲಿಪ್ಯಂತರ ಮಾಡಿಬಿಡೋಣ ಅನ್ನುವುದು ಇನ್ನೊಂದು ದಾರಿ. ಈ ಊರಿನ ಹೆಸರನ್ನೇ ನೋಡಿ. ಇಂಗ್ಲಿಷಿನಲ್ಲಿ ‘ಣ’ ಆದ ಮೇಲೆ ‘ಎ’ ಹಾಕಿಯೂ ಬರೆಯುತ್ತಾರೆ, ಬಿಟ್ಟೂ ಬರೆಯುತ್ತಾರೆ. ಮೊಳಕಾಲ್ಮೂರಿಗೆ ಎಷ್ಟು ಬಗೆಯ ಸ್ಪೆಲಿಂಗ್ ಇದೆಯೋ ನೀವೇ ಲೆಕ್ಕ ಹಾಕಿ. ಕನ್ನಡದಲ್ಲಾದರೆ ಇಷ್ಟು ಗೊಂದಲ ಇರುವುದಿಲ್ಲ.

ಈಗ ಸರಿಯಾದ ಸ್ನಿಪೆಟ್‌ನ ಹಂತಗಳು, ಬರೆದುಕೊಳ್ಳಿ. ಮೊದಲು ಯೂನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಸ್, ಎನ್‌ಎಫ್‌ಕೆಸಿ ರೂಪಕ್ಕೆ. ಇದು ಯಾಕೆ ಬೇಕೆಂದರೆ, ನಮ್ಮ ‘ಓ’ಕಾರದ ಚಿಹ್ನೆಯನ್ನು ಒಂದೇ ಕೋಡ್‌ಪಾಯಿಂಟ್ (ಯೂನಿಕೋಡಿನ ಒಂದು ಸಂಕೇತ) ಆಗಿಯೂ ಬರೆಯಬಹುದು, ಮೂರು ತುಂಡು ಸೇರಿಸಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಡೇಟಾಬೇಸಿಗೆ ಎರಡು. ಎರಡನೆಯದು, ಸೊನ್ನೆ ಅಗಲದ ಜಾಯ್ನರ್, ನಾನ್-ಜಾಯ್ನರ್ ಎರಡನ್ನೂ ತೆಗೆಯಿರಿ, 200ಡಿ ಮತ್ತು 200ಸಿ. ಅವು ಕಾಣಿಸುವುದಿಲ್ಲ, ಆದರೆ ಎರಡು ವಿಳಾಸಗಳನ್ನು ಬೇರೆ ಮಾಡುತ್ತವೆ. ಮೂರನೆಯದು, ಉಳಿಸಿಕೊಳ್ಳುವ ಅಕ್ಷರಗಳ ಪಟ್ಟಿಗೆ ಕನ್ನಡದ ಇಡೀ ಬ್ಲಾಕ್ ಸೇರಿಸಿ, 0ಸಿ80ರಿಂದ 0ಸಿಎಫ್ಎಫ್‌ವರೆಗೆ. ಆಮೇಲೆ ಖಾಲಿ ಜಾಗವನ್ನೆಲ್ಲ ಒಂದೊಂದು ಹೈಫನ್ ಮಾಡಿ, ತುದಿಯ ಹೈಫನ್ ಕತ್ತರಿಸಿ. ಏನೂ ಉಳಿಯದಿದ್ದರೆ ಖಾಲಿ ಕೊಡಬೇಡಿ, ವ್ಯಾಲ್ಯೂ ಎರರ್ ಎಸೆಯಿರಿ.

ಇಷ್ಟಕ್ಕೇ ಮುಗಿಯಿತು ಎಂದು ಹೊರಟವರು ಮುಂದಿನ ಮೂರು ಕಡೆ ಎಡವುತ್ತಾರೆ.

ಮೊದಲನೆಯದು ಸ್ಲಗ್‌ಫೀಲ್ಡ್. ಅದಕ್ಕೂ ಅಲೋ-ಯೂನಿಕೋಡ್ ಇದೆ. ಆದರೆ ಅದರ ವ್ಯಾಲಿಡೇಟರ್ (ಕೊಟ್ಟದ್ದು ಸರಿಯೇ ಎಂದು ಪರೀಕ್ಷಿಸುವ ಭಾಗ) ಕೂಡ ಅದೇ ಬ್ಯಾಕ್‌ಸ್ಲ್ಯಾಶ್-ಡಬ್ಲ್ಯೂ ಬಳಸುತ್ತದೆ. ಮಾಡೆಲಿನ ಸೇವ್ ವ್ಯಾಲಿಡೇಟರ್‌ಗಳನ್ನು ಓಡಿಸುವುದಿಲ್ಲ. ಹಾಗಾಗಿ ಎಕ್ಸೆಲ್‌ನಿಂದ ಇಂಪೋರ್ಟ್ ಮಾಡಿದಾಗ ಎಲ್ಲ ದಾಖಲೆಯೂ ಚೆನ್ನಾಗಿ ಒಳಗೆ ಹೋಗುತ್ತದೆ. ಮುಂದೊಂದು ದಿನ ಅಡ್ಮಿನ್‌ನಲ್ಲಿ ಯಾರೋ ಫೋನ್ ನಂಬರ್ ತಿದ್ದಲು ಹೋಗಿ ಸೇವ್ ಒತ್ತಿದರೆ, ‘ಸರಿಯಾದ ಸ್ಲಗ್ ಕೊಡಿ’ ಎಂಬ ಅರ್ಥದ ದೂರು. ಅವರು ಸ್ಲಗ್ ಮುಟ್ಟೇ ಇರುವುದಿಲ್ಲ. ಇದಕ್ಕೆ ಸುಲಭ ಪರಿಹಾರ: ಕ್ಯಾರ್‌ಫೀಲ್ಡ್ ಬಳಸಿ, ಯುನೀಕ್ ಹಾಕಿ, ನಿಮ್ಮದೇ ರೆಜೆಕ್ಸ್ ವ್ಯಾಲಿಡೇಟರ್ ಕೊಡಿ.

ಎರಡನೆಯದು ಯುಆರ್‌ಎಲ್. ಪಾತ್‌ನಲ್ಲಿರುವ ‘ಸ್ಲಗ್’ ಕನ್ವರ್ಟರ್, ಅಂದರೆ ವಿಳಾಸದ ತುಂಡನ್ನು ಪರೀಕ್ಷಿಸಿ ಒಳಗೆ ಕಳಿಸುವ ಭಾಗ, ಇಂಗ್ಲಿಷ್ ಅಕ್ಷರ, 0ರಿಂದ 9, ಹೈಫನ್, ಅಂಡರ್‌ಸ್ಕೋರ್ ಮಾತ್ರ ಒಪ್ಪುತ್ತದೆ. ಕನ್ನಡ ಬಂದರೆ 404, ಅಂದರೆ ‘ಪುಟ ಸಿಗಲಿಲ್ಲ’. ನಿಮ್ಮದೇ ಕನ್ವರ್ಟರ್ ಬರೆಯಿರಿ. ಒಂದು ಕ್ಲಾಸ್, ಅದರಲ್ಲಿ ರೆಜೆಕ್ಸ್ ಎಂಬ ಗುಣ, ಟು-ಪೈಥಾನ್, ಟು-ಯುಆರ್‌ಎಲ್ ಎಂಬ ಎರಡು ಮೆಥಡ್. ರಿಜಿಸ್ಟರ್-ಕನ್ವರ್ಟರ್‌ನಿಂದ ಸೇರಿಸಿ. ಹೆಸರು ಮಾತ್ರ ಬೇರೆ ಇಡಿ, ‘ಸ್ಲಗ್’ ಎಂದೇ ಇಟ್ಟು ಹಳೆಯದರ ಮೇಲೆ ಕೂರಿಸಬೇಡಿ. ಜ್ಯಾಂಗೊ 5.1ರಲ್ಲೇ ಅದಕ್ಕೆ ಎಚ್ಚರಿಕೆ ಶುರುವಾಯಿತು.

ಮೂರನೆಯದು ಉದ್ದ. ‘ದಾವಣಗೆರೆ’ ನಮಗೆ ಐದು ಅಕ್ಷರ. ಯೂನಿಕೋಡಿನಲ್ಲಿ 8 ಕೋಡ್‌ಪಾಯಿಂಟ್. ವಿಳಾಸದಲ್ಲಿ ಪರ್ಸೆಂಟ್ ಗುರುತಿನ ರೂಪಕ್ಕೆ ಹೋದಾಗ ಒಂದಕ್ಕೆ 9ರಂತೆ 72 ಚಿಹ್ನೆ. ಸ್ಲಗ್ ಚಿಕ್ಕದಿರಲಿ. ಕತ್ತರಿಸಬೇಕಾದರೆ ಹೈಫನ್ ಇರುವ ಕಡೆ ಕತ್ತರಿಸಿ. ನಡುವೆ ಕತ್ತರಿಸಿದರೆ ಕೊನೆಯಲ್ಲಿ ಅರ್ಧಾಕ್ಷರ ನೇತಾಡುತ್ತದೆ.

ಇಲ್ಲಿ ಇನ್ನೊಂದು ಮಾತು. ಇಷ್ಟೆಲ್ಲ ಯಾಕೆ, ಜ್ಯಾಂಗೊದ ಸ್ಲಗಿಫೈ ಜಾಗದಲ್ಲೇ ನಮ್ಮದನ್ನು ಕೂರಿಸಿದರಾಯಿತು ಎಂದು ಮಂಕಿಪ್ಯಾಚ್ ಮಾಡುವ ಸ್ನಿಪೆಟ್‌ಗಳೂ ಓಡಾಡುತ್ತವೆ. ಬೇಡ. ಆ ಫಂಕ್ಷನ್ನನ್ನು ಹೆಸರು ಹಿಡಿದು ಮೊದಲೇ ಇಂಪೋರ್ಟ್ ಮಾಡಿಕೊಂಡ ಮಾಡ್ಯೂಲ್‌ಗಳು ಹಳೆಯದನ್ನೇ ಹಿಡಿದುಕೊಂಡಿರುತ್ತವೆ. ಅರ್ಧ ಪ್ರಾಜೆಕ್ಟಿಗೆ ‘ರಾಗಿ’, ಇನ್ನರ್ಧಕ್ಕೆ ‘ರಗ’. ಅಡ್ಮಿನ್‌ನಲ್ಲಿ ಶೀರ್ಷಿಕೆ ಟೈಪಿಸುತ್ತಿದ್ದಂತೆ ಸ್ಲಗ್ ತುಂಬುವುದು ಬ್ರೌಸರಿನಲ್ಲಿರುವ ಜಾವಾಸ್ಕ್ರಿಪ್ಟ್, ಅದಕ್ಕೆ ನಿಮ್ಮ ಪೈಥಾನ್ ಪ್ಯಾಚ್ ತಟ್ಟುವುದೇ ಇಲ್ಲ. ಕನ್ವರ್ಟರ್, ವ್ಯಾಲಿಡೇಟರ್, ಟೆಂಪ್ಲೇಟ್ ಫಿಲ್ಟರ್, ಮಿಡಲ್‌ವೇರ್, ಇವು ಫ್ರೇಮ್‌ವರ್ಕ್ ತಾನೇ ತೆರೆದಿಟ್ಟ ಬಾಗಿಲುಗಳು. ಬಾಗಿಲಿರುವಾಗ ಹೆಂಚು ತೆಗೆದು ಇಳಿಯುವುದು ಯಾಕೆ?

ಸ್ಲಗ್‌ಗೇ ಇಷ್ಟು ಹೊತ್ತು ಹಿಡಿಯಿತು. ಟೆಂಪ್ಲೇಟ್‌ಗೆ, ಅಂದರೆ ಪುಟದ ಅಚ್ಚಿಗೆ, ಬರುತ್ತೇನೆ.

ಮೆಕ್ಕೆಜೋಳದ ಪಟ್ಟಿಯಲ್ಲಿ ಮೊತ್ತ 2,35,000 ಎಂದು ಬರಬೇಕು, 235,000 ಎಂದಲ್ಲ. ಇದಕ್ಕೆಂದು ಬರೆದ ಟೆಂಪ್ಲೇಟ್ ಫಿಲ್ಟರ್‌ಗಳು ಲೆಕ್ಕವಿಲ್ಲದಷ್ಟು. ಅವುಗಳ ಅಗತ್ಯವೇ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ನಂಬರ್-ಗ್ರೂಪಿಂಗ್ ಎಂಬುದಕ್ಕೆ 3, 2, 0 ಎಂಬ ಟ್ಯೂಪಲ್ ಕೊಡಿ, ಯೂಸ್-ಥೌಸಂಡ್-ಸೆಪರೇಟರ್ ಟ್ರೂ ಮಾಡಿ. ಜ್ಯಾಂಗೊ 1.11ರಿಂದ ಇದು ನಡೆಯುತ್ತದೆ. ಭಾಷೆಯ ಫಾರ್ಮ್ಯಾಟ್ ಕಡತದಲ್ಲಿ ಬೇರೆ ಮೌಲ್ಯ ಇದ್ದರೆ ಅದೇ ಗೆಲ್ಲುತ್ತದೆ, ಅದನ್ನೂ ನೋಡಿಕೊಳ್ಳಿ.

ಆದರೆ ಇದರ ಬೆನ್ನಿಗೆ ಒಂದು ತೊಂದರೆ ಬರುತ್ತದೆ. ಟೆಂಪ್ಲೇಟ್‌ನಲ್ಲಿ ಬರೆದ ಪ್ರತಿಯೊಂದು ಪೂರ್ಣಾಂಕಕ್ಕೂ ಅಲ್ಪವಿರಾಮ ಬೀಳುತ್ತದೆ, ಐಡಿಗೂ ಬೀಳುತ್ತದೆ. ಲಾಟ್ ನಂಬರನ್ನು ಡೇಟಾ-ಐಡಿಯಲ್ಲಿ ಹಾಕಿ ಜಾವಾಸ್ಕ್ರಿಪ್ಟಿನಿಂದ ಕರೆಯುತ್ತಿದ್ದೀರಿ ಅನ್ನಿ. 999ನೇ ಲಾಟ್‌ವರೆಗೂ ಎಲ್ಲ ಸರಿ. ಮುಂದಿನ ದಾಖಲೆಗೆ ಐಡಿ ‘1,000’ ಆಗುತ್ತದೆ, ಇಂಟ್ ಕನ್ವರ್ಟರ್ ಒಪ್ಪುವುದಿಲ್ಲ, 404. ಟೆಸ್ಟ್ ಮಾಡುವಾಗ ಹತ್ತು ದಾಖಲೆ ಇಟ್ಟುಕೊಂಡವರಿಗೆ ಇದು ಕಾಣುವುದೇ ಇಲ್ಲ, ಸುಗ್ಗಿಯಲ್ಲಿ ಮಾಲು ರಾಶಿ ಬಿದ್ದಾಗಲೇ ಕಾಣುತ್ತದೆ. ವರ್ಷವೂ ‘2,025’ ಆಗಿ ಬರುತ್ತದೆ. ಕೊಂಡಿಗೆ ಯುಆರ್‌ಎಲ್ ಟ್ಯಾಗ್ ಬಳಸಿ. ಬರಿ ಐಡಿ ಬೇಕಾದ ಕಡೆ ಎಲ್10ಎನ್ ಲೋಡ್ ಮಾಡಿ ಅನ್‌ಲೋಕಲೈಸ್ ಫಿಲ್ಟರ್ ಹಾಕಿ. ಸ್ಕ್ರಿಪ್ಟಿಗೆ ದತ್ತಾಂಶ ಕೊಡಲು ಜೆಸನ್-ಸ್ಕ್ರಿಪ್ಟ್ ಫಿಲ್ಟರ್ ಇದೆ. ಟೆಸ್ಟ್ ಡೇಟಾಬೇಸಿನಲ್ಲಿ ಒಂದು ದಾಖಲೆಗಾದರೂ 1000 ದಾಟಿದ ಐಡಿ ಕೊಡಿ.

ನಿಮ್ಮದೇ ಫಿಲ್ಟರ್ ಬೇಕೇ ಬೇಕೆಂದರೆ: ಆ್ಯಪಿನೊಳಗೆ ಟೆಂಪ್ಲೇಟ್‌ಟ್ಯಾಗ್ಸ್ ಫೋಲ್ಡರ್, ಅದರಲ್ಲಿ ಇನಿಟ್ ಕಡತ, ಸೇರಿಸಿದ ಮೇಲೆ ಸರ್ವರ್ ರೀಸ್ಟಾರ್ಟ್. ಎಚ್‌ಟಿಎಂಎಲ್ ಹಿಂತಿರುಗಿಸುವ ಫಿಲ್ಟರ್‌ನಲ್ಲಿ ಮಾರ್ಕ್-ಸೇಫ್ ಕಂಡರೆ ಅಲ್ಲೇ ನಿಲ್ಲಿ. ಬಳಕೆದಾರ ತನ್ನ ಹೆಸರಿನ ಜಾಗದಲ್ಲಿ ಸ್ಕ್ರಿಪ್ಟ್ ಟ್ಯಾಗ್ ಬರೆದರೆ ಅದು ಹಾಗೇ ಓಡುತ್ತದೆ. ಫಾರ್ಮ್ಯಾಟ್-ಎಚ್‌ಟಿಎಂಎಲ್ ಬಳಸಿ.

ಇದಕ್ಕೆ ಹೊಂದಿದ ಇನ್ನೊಂದು, ಅಂಕಿಗಳು. ಪಿನ್ ಕೋಡ್ ಪರೀಕ್ಷಿಸಲು ಬ್ಯಾಕ್‌ಸ್ಲ್ಯಾಶ್-ಡಿ ಆರು ಸಲ ಎಂಬ ಸ್ನಿಪೆಟ್ ಎಲ್ಲರ ಬಳಿಯೂ ಇದೆ. 577001 ಒಪ್ಪುತ್ತದೆ. ೫೭೭೦೦೧ ಕೂಡ ಒಪ್ಪುತ್ತದೆ! ಪೈಥಾನಿಗೆ ಕನ್ನಡದ ಅಂಕಿಯೂ ಅಂಕಿಯೇ. ಅದು ಒಳ್ಳೆಯದೇ, ಇಂಟ್ ಫಂಕ್ಷನ್‌ಗೆ ಕೊಟ್ಟರೆ ಸರಿಯಾದ ಸಂಖ್ಯೆ ಬರುತ್ತದೆ. ತೊಂದರೆ ಆಗುವುದು ಅದನ್ನು ಪಠ್ಯವಾಗಿಯೇ ಉಳಿಸಿದಾಗ. ಆಮೇಲೆ 577001 ಎಂದು ಹುಡುಕಿದರೆ ಆ ಸಾಲು ಸಿಗುವುದಿಲ್ಲ, ಮೊಬೈಲ್ ನಂಬರ್ ಆದರೆ ಎಸ್‌ಎಂಎಸ್ ಹೋಗುವುದಿಲ್ಲ. ಬರೆದವರನ್ನು ಬೈದು ವಾಪಸ್ ಕಳಿಸಬೇಡಿ. ಕ್ಲೀನ್ ಮೆಥಡ್‌ನಲ್ಲಿ ಟ್ರಾನ್ಸ್‌ಲೇಟ್ ಬಳಸಿ ಹತ್ತು ಅಂಕಿಗಳನ್ನೂ ಬದಲಿಸಿ, ಆಮೇಲೆ 0-9 ಎಂದೇ ಬರೆದ ರೆಜೆಕ್ಸ್‌ನಿಂದ ಪರೀಕ್ಷಿಸಿ. ಕನ್ನಡ ಬರೆದವರು ತಪ್ಪು ಮಾಡಿಲ್ಲ, ಸ್ನಿಪೆಟ್ ಬರೆದವರಿಗೆ ಕನ್ನಡ ನೆನಪಿರಲಿಲ್ಲ ಅಷ್ಟೆ.

ಚೀಟಿ ಬಂತು, ಹತ್ತೇ ನಿಮಿಷ ಅಂತೆ. ಪ್ರತಿ ರಿಕ್ವೆಸ್ಟ್, ರೆಸ್ಪಾನ್ಸ್ ಹಾದುಹೋಗುವ ಪದರವಾದ ಮಿಡಲ್‌ವೇರ್ ಬಗ್ಗೆ ಬೇಗ ಹೇಳುತ್ತೇನೆ.

ಪ್ರಾಸೆಸ್-ರಿಕ್ವೆಸ್ಟ್ ಮೆಥಡ್ ಮಾತ್ರ ಇದ್ದು ಗೆಟ್-ರೆಸ್ಪಾನ್ಸ್ ಆಗಲಿ ಮಿಡಲ್‌ವೇರ್-ಮಿಕ್ಸಿನ್ ಆಗಲಿ ಎಲ್ಲೂ ಕಾಣದ ಕ್ಲಾಸ್ ಸಿಕ್ಕರೆ ಅದು ಜ್ಯಾಂಗೊ 1.10ಕ್ಕಿಂತ ಹಳೆಯ ಕಾಲದ್ದು. 2.0ರಲ್ಲಿ ಆ ಹಳೆಯ ಪದ್ಧತಿಯನ್ನೇ ತೆಗೆದುಹಾಕಿದರು. ಹೊಸದಾಗಿ ಬರೆಯುವಾಗ ಸೆಲ್ಫ್ ಮೇಲೆ ರಿಕ್ವೆಸ್ಟನ್ನು ಉಳಿಸಬೇಡಿ. ಆ ಆಬ್ಜೆಕ್ಟ್ ಸರ್ವರ್ ಶುರುವಾದಾಗ ಒಮ್ಮೆ ಹುಟ್ಟುತ್ತದೆ, ಎಲ್ಲ ಥ್ರೆಡ್‌ಗಳಿಗೂ ಅದೊಂದೇ. ಒಬ್ಬರ ಮಾಹಿತಿ ಇನ್ನೊಬ್ಬರಿಗೆ ಹೋಗುತ್ತದೆ. ಪಟ್ಟಿಯ ಕ್ರಮವೂ ಮುಖ್ಯ: ರಿಕ್ವೆಸ್ಟ್ ಮೇಲಿನಿಂದ ಕೆಳಗೆ, ರೆಸ್ಪಾನ್ಸ್ ಕೆಳಗಿನಿಂದ ಮೇಲೆ. ಬಳಕೆದಾರ ಯಾರೆಂದು ನೋಡುವ ನಿಮ್ಮ ತುಣುಕು ಅಥೆಂಟಿಕೇಶನ್ ಮಿಡಲ್‌ವೇರ್‌ನ ಕೆಳಗಿರಬೇಕು. ಇನ್ನೊಂದು, ಎಲ್ಲ ಪುಟಕ್ಕೂ ಲಾಗಿನ್ ಕೇಳುವ ಸ್ನಿಪೆಟ್ ಇನ್ನು ಬೇಡ, 5.1ರಲ್ಲಿ ಲಾಗಿನ್-ರಿಕ್ವೈರ್ಡ್-ಮಿಡಲ್‌ವೇರ್ ಎಂದು ಒಳಗೇ ಬಂದಿದೆ. ಪುಟ ಬದಲಿಸುವಾಗ ಫಿಲ್ಟರ್ ಉಳಿಸಿಕೊಳ್ಳುವ ಟ್ಯಾಗ್ ಕೂಡ, ಕ್ವೆರಿಸ್ಟ್ರಿಂಗ್ ಎಂಬ ಹೆಸರಿನಲ್ಲಿ. ಪ್ರತಿ ಅಪ್‌ಗ್ರೇಡ್‌ನಲ್ಲೂ ನಿಮ್ಮ ಯಾವ ಸ್ನಿಪೆಟ್ ಅಳಿಸಬಹುದು ಎಂದು ನೋಡಿ.

ಪ್ಯಾಕೇಜ್ ಬಗ್ಗೆ ವಿವರವಾಗಿ ಹೇಳಲು ಈಗ ಆಗುವುದಿಲ್ಲ. ಇಷ್ಟು ಮಾಡಿ: ಒಂದೇ ಸ್ನಿಪೆಟ್ ಮೂರನೇ ಪ್ರಾಜೆಕ್ಟಿಗೆ ಹೋಗುವ ಹೊತ್ತಿಗೆ ಅದನ್ನು ಬೇರೆ ಆ್ಯಪ್ ಮಾಡಿ, ಪೈಪ್ರಾಜೆಕ್ಟ್ ಟಾಮಲ್ ಎಂಬ ಕಡತ ಹಾಕಿ ಪಿಪ್‌ನಿಂದ ಇನ್‌ಸ್ಟಾಲ್ ಆಗುವಂತೆ ಮಾಡಿ. ಕಡತದ ತಲೆಯಲ್ಲಿ ಎಲ್ಲಿಂದ ತಂದದ್ದು, ಯಾವ ಲೈಸೆನ್ಸ್, ಜ್ಯಾಂಗೊದ ಯಾವ ಆವೃತ್ತಿಯಲ್ಲಿ ಪರೀಕ್ಷಿಸಿದ್ದು ಎಂದು ಮೂರು ಸಾಲು. ಲೈಸೆನ್ಸ್ ಇಲ್ಲದ ಕೋಡ್ ಬರೆದವರ ಸೊತ್ತು, ಅವರನ್ನು ಕೇಳದೆ ಮಾರುವ ತಂತ್ರಾಂಶಕ್ಕೆ ಹಾಕಬೇಡಿ. ಟೆಸ್ಟ್ ಓಡಿಸುವಾಗ ಪೈಥಾನ್‌ಗೆ ಡ್ಯಾಶ್-ಡಬ್ಲ್ಯೂ-ಎ ಕೊಡಿ, ಮುಂದಿನ ಆವೃತ್ತಿಯಲ್ಲಿ ಏನು ಮುರಿಯುತ್ತದೆ ಎಂದು ಮೊದಲೇ ಹೇಳುತ್ತದೆ.

ಆ ಟೆಸ್ಟ್ ಕಡತಕ್ಕೆ ಪದಗಳನ್ನು ಈಗಲೇ ಬರೆದುಕೊಳ್ಳಿ: ರಾಗಿ, ರೋಗ, ಹತ್ತಿ, ಹುತ್ತ, ಚಿತ್ರದುರ್ಗ, ಮೊಳಕಾಲ್ಮೂರು, ಮೂರು ತುಂಡಿನ ಓಕಾರವಿರುವ ಒಂದು ‘ಜೋಳ’, ನಾನ್-ಜಾಯ್ನರ್ ಇರುವ ಒಂದು ‘ಸಾಫ್ಟ್‌ವೇರ್’, ಮತ್ತು ೫೭೭೦೦೧. ಎಲ್ಲರೂ ಒಂದೇ ಪಟ್ಟಿ ಬಳಸೋಣ, ಹೊಸ ತೊಂದರೆ ಕಂಡವರು ಅದಕ್ಕೊಂದು ಪದ ಸೇರಿಸಲಿ. ಈಗ ಪ್ರಶ್ನೆ ಕೇಳಿ. ಹಿಂದಿನ ಸಾಲಿನಲ್ಲಿ ಆಗಿನಿಂದ ಕೈ ಎತ್ತಿದವರು ಮೊದಲು.